ಅಮಾವಾಸ್ಯೆಯ ಕೊಡಲಿ

ಹೈಸ್ಕೂಲಿಗೆ ಕರೆಂಟಿನ ಗಂಟೆ ಬಂದದ್ದೇ ದೊಡ್ಡಬೀರಪ್ಪನ ಮನೆಯ ಗಲಾಟೆಗೆಲ್ಲ ಮೂಲ.

ಅದಕ್ಕೆ ಮೊದಲು ಇಪ್ಪತ್ತಾರು ವರ್ಷ ಆ ಶಾಲೆಗೆ ಗಂಟೆಯೆಂದರೆ ಬೇವಿನ ಮರಕ್ಕೆ ತೂಗುಹಾಕಿದ್ದ ಮೊಳದುದ್ದದ ರೈಲು ಕಂಬಿ. ಬಡಿಯುವವನು ಜವಾನ ದೊಡ್ಡಬೀರಪ್ಪ. ಅವನು ಬಡಿದರೆ ಆನವಟ್ಟಿ ರಸ್ತೆಯಲ್ಲಿ ಬಸ್ಸಿಗೆ ಕಾಯುವವರಿಗೂ ಕೇಳುತ್ತಿತ್ತು. ಊರ ಹೆಂಗಸರು ಅನ್ನಕ್ಕೆ ಎಸರಿಡುವುದೂ ಅವನ ಮೂರನೇ ಗಂಟೆಗೇ. ಈಗ ಗೋಡೆಯ ಮೇಲಿನ ಡಬ್ಬಿಯೊಂದು ತಾನಾಗಿಯೇ ಕಿರ್ರೆನ್ನುತ್ತದೆ. ದೊಡ್ಡಬೀರಪ್ಪ ಅದರ ಕೆಳಗೆ ಕೈಕಟ್ಟಿ ನಿಲ್ಲುವುದನ್ನು ನೋಡಲಾರದೆ ಹೆಡ್‌ಮಾಸ್ತರರು ಆ ಕಂಬಿಯನ್ನು ಬಿಚ್ಚಿಸಿ, "ತಗೊಂಡು ಹೋಗು ಬೀರಪ್ಪ, ನೆನಪಿಗಿರ್ಲಿ" ಎಂದರು.

ಕಂಬಿ ಮನೆಗೆ ಬಂದು ನಾಲ್ಕು ದಿನ ಜಗಲಿಯ ಮೇಲೆ ನೆಂಟರ ಹಾಗೆ ಕೂತಿತ್ತು. ಐದನೇ ದಿನ ಫೋನಿನ ವಿಡಿಯೋದಲ್ಲಿ ಯಾವನೋ ಗಡ್ಡದ ಪರದೇಶದವನು ಅಂಥದೇ ಕಂಬಿಯ ತುಂಡಿನ ಮೇಲೆ ಕೆಂಪಗೆ ಕಾದ ಕಬ್ಬಿಣ ಇಟ್ಟು, ಬಡಿದು, ಹನ್ನೆರಡು ನಿಮಿಷದಲ್ಲಿ ಕೊಡಲಿ ಮಾಡಿ ಮುಗಿಸಿದ. ಮಲಗಿದ್ದ ದೊಡ್ಡಬೀರಪ್ಪ ಎದ್ದು ಕೂತ. ಇವನೇ ಮಾಡುತ್ತಾನೆ ಅಂದರೆ, ಇಪ್ಪತ್ತಾರು ವರ್ಷ ಕಬ್ಬಿಣ ಬಡಿದ ತನ್ನ ಕೈಗೇನು ಧಾಡಿ?

ಹಿತ್ತಲ ಕೊಟ್ಟಿಗೆ ಕುಲುಮೆಯಾಯಿತು. ಕಾದ ಕಬ್ಬಿಣ ಇಟ್ಟು ಬಡಿಯಲು ಕಂಬಿಯೇ ಅಡಿಗಲ್ಲು. ಗಾಳಿ ಊದಲು ಕೈಯಲ್ಲಿ ತಿರುಗಿಸುವ ಒಂದು ಚಕ್ರ ಬಂತು, ಇಕ್ಕಳ ಬಂತು, ಇದ್ದಲು ಮೂಟೆಗಟ್ಟಲೆ ಬಂತು. ಎಂಟು ತಿಂಗಳಲ್ಲಿ ಅವನು ಮೂರು ವಸ್ತು ಮಾಡಿದ. ಒಂದು ಗೋಡೆಗೆ ಹೊಡೆಯುವ ಕೊಕ್ಕೆ, ಒಂದು ದೋಸೆ ಮಗುಚುವ ಸಟ್ಟುಗ. ಮೂರನೆಯದು ಏನೆಂದು ಅವನಿಗೂ ಗೊತ್ತಿರಲಿಲ್ಲ. ಹೆಂಡತಿ ಗುತ್ಯಮ್ಮ ಅದನ್ನು ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಇಟ್ಟುಕೊಂಡಿದ್ದಳು.

ಆ ಕೊಟ್ಟಿಗೆ ಮೊದಲು ಗುತ್ಯಮ್ಮನ ಹನ್ನೊಂದು ಕುರಿಗಳದ್ದು. ಕುಲುಮೆ ಒಳಗೆ ಹೋದ ಮೇಲೆ ಅವು ಮುಂದಿನ ಪಡಸಾಲೆಗೆ ಬಂದು, ಅಲ್ಲಿ ಸಿಕ್ಕ ಕ್ಯಾಲೆಂಡರು, ಕರೆಂಟ್ ಬಿಲ್ಲು, ಚಪ್ಪಲಿಯ ಪಟ್ಟಿ ಎಲ್ಲವನ್ನೂ ರುಚಿ ನೋಡಿದ್ದವು. ಈಗ ಐದು ಕುರಿ ಇಂದೋ ನಾಳೆಯೋ ಮರಿ ಹಾಕುವ ಹಾಗಿದ್ದವು. ಹೊರಗೆ ಇಬ್ಬನಿ, ಚಳಿ. ಶನಿವಾರ ಸಂಜೆ ಗುತ್ಯಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಬಂದು ನಿಂತಳು.

"ಏನ್ರೀ, ಆ ಗಡ್ಡದೋನು ಎಷ್ಟು ಹೊತ್ತಲ್ಲಿ ಮಾಡ್ದ ಅಂದ್ರಿ?"

"ಹನ್ನೆರಡು ನಿಮಿಷ."

"ನಿಮಗೆ ಎಂಟು ತಿಂಗ್ಳು ಕೊಟ್ಟೆ. ಇನ್ನೊಂದು ದಿನ ಕೊಡ್ತೀನಿ. ನಾಳೆ ಹೊತ್ತು ಮುಳುಗೋದ್ರೊಳಗೆ ಸೌದೆ ಸೀಳೋ ಅಂಥ ಒಂದು ಕೊಡ್ಲಿ ಮಾಡಿ ತೋರಿಸ್ರಿ. ತೋರಿಸಿದ್ರೆ ಕೊಟ್ಟಿಗೆ ನಿಮ್ದು, ನಾನು ಆ ಕಡೆ ತಲೆನೂ ಹಾಕಲ್ಲ. ಆಗ್ಲಿಲ್ಲ ಅಂದ್ರೆ ಸೋಮವಾರ ಬೆಳಿಗ್ಗೆ ಕುರಿ ಒಳಗೆ, ನಿಮ್ಮ ಇದ್ದಲು ಹೊರಗೆ."

"ಮಾತು ಅಂದ್ರೆ ಮಾತಾ?"

"ನಮ್ಮ ದೇವಿ ಗುತ್ತ್ಯವ್ವನಾಣೆ."

ಭಾನುವಾರ ಬೆಳಿಗ್ಗೆ ಏಳಕ್ಕೇ ದೊಡ್ಡಬೀರಪ್ಪ ಬೆಂಕಿ ಹಚ್ಚಿದ. ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿಯ ಎರಡು ತುಂಡು ಅವನ ಹತ್ತಿರ ಇದ್ದವು. ಪಟ್ಟಿಯನ್ನು ಕಾಯಿಸಿ, ನಡುವೆ ಹಿಡಿಯಾಗುವ ಮರದ ಕಾವು ಕೂರುವಷ್ಟು ತೂತು ಬಿಟ್ಟು ಮಡಚಿ, ಎರಡು ತುದಿಯನ್ನೂ ಬಡಿದು ಒಂದು ಮಾಡಬೇಕು. ಆಮೇಲೆ ಬಾಯಿ ತೆಳ್ಳಗೆ ತಟ್ಟಿ, ಕೆಂಪಗೆ ಕಾಯಿಸಿ, ನೀರಿಗೆ ಅದ್ದಿ ಹದ ಕೊಡಬೇಕು. ವಿಡಿಯೋ ನೋಡಿ ನೋಡಿ ಎಲ್ಲವೂ ಅವನಿಗೆ ಬಾಯಿಪಾಠ. ಕಾದ ಪಟ್ಟಿಯನ್ನು ಕಂಬಿಯ ಮೇಲಿಟ್ಟು ಮೊದಲನೇ ಏಟು ಹಾಕಿದ.

ಠಣ್!

ಇಪ್ಪತ್ತಾರು ವರ್ಷ ಊರು ಕೇಳಿದ ಸದ್ದು. ಊರಿಗೆಲ್ಲ ಕೇಳಿಸಿತು.

ಎರಡನೇ ಮನೆಯ ತಿಮ್ಮಮ್ಮ ಮೊದಲು ಬಂದಳು. ಎಪ್ಪತ್ತು ದಾಟಿದ ಮುದುಕಿ, ಊರಿಗೆಲ್ಲ ಅತ್ತೆ.

"ಏ ಬೀರಾ! ಬುದ್ಧಿಗಿದ್ಧಿ ಐತೇನೋ ನಿಂಗೆ? ಇವತ್ತು ಅಮಾಸೆ! ಶಿರಾಳಕೊಪ್ಪದ ಕಲ್ಲಪ್ಪಾಚಾರಿ ಅಂಥೋನೇ ಅಮಾಸೆ ದಿನ ಸುತ್ತಿಗೆ ಮುಟ್ಟಲ್ಲ, ನೀನು ಕುಲುಮೆ ಹಚ್ಚಿ ಕೂತಿದೀಯಲ್ಲೋ!"

"ಅದು ಆಚಾರಿಗಳಿಗೆ ಅತ್ತೆ. ನಾವು ಕುರಿ ಕಾಯೋರು. ಕುಲುಮೆ ಅಮಾಸೆ ನಮಗೆಲ್ಲಿ ತಟ್ಟುತ್ತೆ?"

"ಹಂಗಂತೀಯಾ?" ತಿಮ್ಮಮ್ಮ ಸೆರಗಿನೊಳಗಿಂದ ಎರಡು ಕುಡುಗೋಲು ತೆಗೆದಳು. "ಹಂಗಾರೆ ಇವೆರಡನ್ನ ಒಂಚೂರು ಹರಿತ ಮಾಡ್ಕೊಡು. ನಾಳೆ ನಮ್ಮ ಗದ್ದೆ ಕೊಯ್ಲು. ಕಲ್ಲಪ್ಪ ಇವತ್ತು ಬಾಗಿಲು ಹಾಕಿದಾನೆ."

"ಅತ್ತೆ, ನಾನು ಕೊಡ್ಲಿ ಮಾಡ್ಬೇಕು. ಸಂಜೆಯೊಳಗೆ."

"ಕೆಂಡ ಉರಿಯೋ ಹೊತ್ತಲ್ಲಿ ಬಂದ ಕುಡುಗೋಲು ವಾಪಸ್ ಕಳಿಸಿದ್ರೆ ಊರ ಬೆಳೆಗೇ ಕೇಡು!" ಎಂದು ತಿಮ್ಮಮ್ಮ ನಿಂತಲ್ಲೇ ಒಂದು ಶಾಸ್ತ್ರ ಹುಟ್ಟಿಸಿ, ಇದ್ದಲ ಮೂಟೆಯ ಮೇಲೆ ಕೂತೇಬಿಟ್ಟಳು.

ಅಮಾವಾಸ್ಯೆಗೆ ಹೆದರಬೇಕಾದ್ದು ದೇವರ ಕಾರಣಕ್ಕಲ್ಲ ಎಂದು ದೊಡ್ಡಬೀರಪ್ಪನಿಗೆ ಒಂಬತ್ತು ಗಂಟೆಗೆ ಗೊತ್ತಾಯಿತು. ಸುತ್ತಲ ಹತ್ತು ಊರಿನಲ್ಲಿ ಒಂದೂ ಕುಲುಮೆ ಹೊಗೆಯಾಡದ ದಿನ. ಗದ್ದೆಗಳೆಲ್ಲ ಕೊಯ್ಲಿಗೆ ನಿಂತಿವೆ. ಅಂಥ ದಿನ ಇವನೊಬ್ಬನೇ ಠಣ್ ಠಣ್ ಎನ್ನಿಸುತ್ತಿದ್ದಾನೆ. ಜನ ಬರದೆ ಇನ್ನೇನು? ಕುಡುಗೋಲು ಬಂದವು, ಕತ್ತಿ ಬಂದವು, ಗುದ್ದಲಿ ಬಂತು. ಒಬ್ಬನಂತೂ ಮುರಿದ ಕುರ್ಚಿಯ ಕಾಲು ತಂದಿದ್ದ. ಹಿತ್ತಲ ಬೇಲಿಯವರೆಗೆ ಸಾಲು ನಿಂತಿತು, ಪಡಿತರ ಅಂಗಡಿಯ ಮುಂದೆ ನಿಂತ ಹಾಗೆ.

ಗುತ್ಯಮ್ಮ ಅಡುಗೆಮನೆ ಕಿಟಕಿಯಿಂದ ನೋಡಿದಳು. ಬಂದವರಿಗೆಲ್ಲ ಚಹಾ ಮಾಡಿ ಕಳಿಸಿದಳು. ಅವಳು ಇಷ್ಟು ನಗುನಗುತ್ತ ಚಹಾ ಕೊಟ್ಟದ್ದನ್ನು ದೊಡ್ಡಬೀರಪ್ಪ ಈ ಎಂಟು ತಿಂಗಳಲ್ಲಿ ನೋಡಿರಲಿಲ್ಲ.

ಹತ್ತು ಗಂಟೆಗೆ ಕಿರಾಣಿ ಅಂಗಡಿಯ ರಾಮಪ್ಪ ಬಂದ. ಊರಿನ ವಾಟ್ಸಾಪ್ ಗುಂಪು ನಡೆಸುವವನು ಅವನೇ. ಸಂಜೆಯೊಳಗೆ ಕೊಡಲಿ ಆಗಬೇಕೆಂಬ ಸುದ್ದಿ ಆಗಲೇ ಸಾಲಿನಲ್ಲೆಲ್ಲ ಹಬ್ಬಿತ್ತು. ಕೆಂಡದ ಮುಂದೆ ಬೆವರುತ್ತಿದ್ದ ದೊಡ್ಡಬೀರಪ್ಪನ ಫೋಟೋ ತೆಗೆದು, 'ಇಂದು ಸಂಜೆ ಐದಕ್ಕೆ ಬೀರಪ್ಪನವರ ಹೊಸ ಕೊಡಲಿಯ ಪರೀಕ್ಷೆ. ಸರ್ವರಿಗೂ ಸ್ವಾಗತ' ಎಂದು ಹಾಕಿಯೇ ಬಿಟ್ಟ.

"ಇದ್ಯಾಕೆ ಮಾಡಿದ್ರಿ ರಾಮಣ್ಣ? ಇದು ಗಂಡ ಹೆಂಡ್ತಿ ಮಧ್ಯದ ಮಾತು!"

"ಗಂಡ ಹೆಂಡ್ತಿ ಮಾತಿಗೆ ನಾಕು ಜನ ಸಾಕ್ಷಿ ಬೇಕಪ್ಪ. ನೀನು ಬಡಿ. ಗಾಳಿ ನಾನು ನೋಡ್ಕೋತೀನಿ."

ರಾಮಪ್ಪ ಚಕ್ರದ ಹಿಡಿ ಹಿಡಿದ. ಕೈ ತಿರುಗಲು ಶುರುವಾದದ್ದೇ ಬಾಯಿಯೂ ಶುರುವಾಯಿತು. ಹೋದ ಬೇಸಿಗೆಯಲ್ಲಿ ಅವನು ಬೋರು ಕೊರೆಸಿದ ಕಥೆ. ಇನ್ನೂರು ಅಡಿಗೆ ಬರೀ ಧೂಳು. ಮುನ್ನೂರಕ್ಕೆ ಕಲ್ಲು. ಕೊಡಲಿಯ ಪಟ್ಟಿ ಬೆಂಕಿಯೊಳಗಿತ್ತು, ದೊಡ್ಡಬೀರಪ್ಪ ತಿರುಗಿ ಕೂತು ಯಾರದೋ ಕಾಯಿಸಿ ಬಡಿದ ಕುಡುಗೋಲಿಗೆ ಅರ ಉಜ್ಜುತ್ತಿದ್ದ. "ಮುನ್ನೂರ ಎಂಬತ್ತಕ್ಕೆ ಹೋದಾಗ ನೋಡು ಬೀರಣ್ಣ," ಎಂದು ರಾಮಪ್ಪನಿಗೆ ಆವೇಶ ಬಂದು ಚಕ್ರ ಗಿರಗಿರ ತಿರುಗಿತು. ಕುಲುಮೆಯಿಂದ ಸುರುಸುರು ಬತ್ತಿ ಹಚ್ಚಿದ ಹಾಗೆ ಬಿಳೀ ಕಿಡಿ ಎದ್ದವು. ದೊಡ್ಡಬೀರಪ್ಪ ಹಾರಿ ಬಂದು ಇಕ್ಕಳದಲ್ಲಿ ಎಳೆದ. ಪಟ್ಟಿಯ ಅಂಚು ಸುಟ್ಟ ಹಪ್ಪಳದ ಹಾಗೆ ತೂತು ತೂತಾಗಿ ಬಂತು.

"ಕೆಟ್ಟೋಯ್ತಾ?"

"ಸುಟ್ಟೇ ಹೋಯ್ತು ರಾಮಣ್ಣ. ಬೆಳಿಗ್ಗೆಯಿಂದ ಮಾಡಿದ್ದೆಲ್ಲ."

"ಅದಿರ್ಲಿ, ನೀರು ಬಿತ್ತಾ ಇಲ್ವಾ ಅಂತ ನೀನು ಕೇಳ್ಲೇ ಇಲ್ವಲ್ಲ!" ಎಂದು ರಾಮಪ್ಪ ಮುನಿಸಿಕೊಂಡ.

ಉಳಿದದ್ದು ಒಂದೇ ತುಂಡು. ಅದನ್ನು ಬೆಂಕಿಗಿಡುವಷ್ಟರಲ್ಲಿ ಪಕ್ಕದ ಮನೆಯ ಆನಂದಪ್ಪ ಒಂದು ಕೊಡಲಿಯ ತಲೆಯನ್ನು ಕೂಸಿನಂತೆ ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದ. ಕಾವು ಬಿಚ್ಚಿ ಮನೆಯಲ್ಲೇ ಇಟ್ಟಿದ್ದ.

"ಬೀರಣ್ಣ, ಇದು ನಮ್ಮಜ್ಜನ ಕಾಲದ್ದು. ಇಂಥ ಕಬ್ಬಿಣ ಈಗ ದೇಶದಲ್ಲೇ ಇಲ್ಲ. ಬೆಂಕಿಗೆ ಮಾತ್ರ ಇಡ್ಬೇಡ, ಬರೀ ಅರ ಹಾಕಿ ಬಾಯಿ ಮಾಡ್ಕೊಡು. ಕತ್ತಲಲ್ಲಿ ನೂರು ಕೊಡ್ಲಿ ಇಟ್ರೂ ನನ್ ಕೊಡ್ಲಿ ನಾನು ಕೈಯಲ್ಲಿ ಮುಟ್ಟಿ ಹೇಳ್ತೀನಿ, ಗೊತ್ತಾ?"

ಆ ಕೊಡಲಿ ನೋಡಿ ದೊಡ್ಡಬೀರಪ್ಪನ ಕಣ್ಣು ಮಿಂಚಿತು. ಎಷ್ಟು ಅಗಲ, ಎಷ್ಟು ಬಾಗು, ತೂತು ಎಷ್ಟು, ಎಲ್ಲ ಕಣ್ಣೆದುರೇ ಸಿಕ್ಕಿತು. ಅದಕ್ಕೆ ಅರ ಹಾಕಿ ಪಕ್ಕದಲ್ಲಿಟ್ಟುಕೊಂಡು, ಹೆಣ್ಣುಮಕ್ಕಳು ಅಳತೆ ರವಿಕೆ ಇಟ್ಟು ಹೊಸದನ್ನು ಕತ್ತರಿಸುವಂತೆ ತನ್ನ ಪಟ್ಟಿಯನ್ನು ಬಡಿಯತೊಡಗಿದ. ಮಧ್ಯಾಹ್ನದ ಊಟ ಬಿಟ್ಟ. ಅಂಗೈಯಲ್ಲಿ ಎರಡು ಬೊಬ್ಬೆ ಎದ್ದವು. ತಿಮ್ಮಮ್ಮ ಕೂತಿದ್ದ ಮೂಟೆ ಅವಳ ಕೆಳಗೇ ಇಳಿದು ಇಳಿದು ಕೊನೆಗೆ ಅವಳು ನೆಲದ ಮೇಲೆ ಕೂತಳು. ಇದ್ದಲೆಲ್ಲ ಊರವರ ಕುಡುಗೋಲಿಗೇ ಹೋಗಿತ್ತು.

ಮೂರು ಗಂಟೆಗೆ ಕೊಡಲಿಯ ಆಕಾರ ಬಂತು. ನಿಜವಾಗಿಯೂ ಬಂತು! ಆನಂದಪ್ಪನದರ ಅವಳಿಯ ಹಾಗಿತ್ತು. ಇನ್ನು ಹದ ಒಂದು ಬಾಕಿ. ಕುಲುಮೆಯ ಬುಡದಲ್ಲಿ ಹಿಡಿಯಷ್ಟು ಕೆಂಡ ಮಾತ್ರ ಉಳಿದಿತ್ತು. ಬಾಯಿ ಚೆನ್ನಾಗಿ ಕೆಂಪಾಯಿತೋ, ಬರೀ ಬೆಚ್ಚಗಾಯಿತೋ, ಬೆವರು ಇಳಿದ ಕಣ್ಣಿಗೆ ಸರಿಯಾಗಿ ಕಾಣಲಿಲ್ಲ. ಆದದ್ದಾಗಲಿ ಎಂದು ನೀರಿಗೆ ಅದ್ದಿದ. ಚುಂಯ್ ಎನ್ನಬೇಕಾದ್ದು ಸ್ವಲ್ಪ ಮೆಲ್ಲಗೆ, ಹೋಗಲೋ ಬೇಡವೋ ಎಂಬಂತೆ ಅಂದಿತು.

ಗುತ್ಯಮ್ಮ ಒಂದು ಚೊಂಬು ಮಜ್ಜಿಗೆ ಹಿಡಿದು ಬಂದಳು. ಗಂಡನ ಮುಖ ನೋಡಿದಳು. ಮೂಗಿನ ತುದಿ ಬಿಟ್ಟರೆ ಎಲ್ಲ ಮಸಿ.

"ಐದಕ್ಕೆ ಜನ ಬರ್ತಾರಂತೆ. ಹಿಂಗೇ ನಿಲ್ತೀರಾ? ಹೋಗಿ ಮೈ ತೊಳ್ಕೊಂಡು ಬರ್ರಿ. ಕಾವು ನಾನು ಕೂರಿಸ್ತೀನಿ."

"ನೀನಾ?"

"ಯಾಕೆ, ಇಷ್ಟು ವರ್ಷ ಮನೆ ಕೊಡ್ಲಿಗೆ ಕಾವು ಯಾರು ಹಾಕ್ತಿದ್ರು, ನಿಮ್ಮ ಗಡ್ಡದೋನಾ?"

ದೊಡ್ಡಬೀರಪ್ಪ ಬಚ್ಚಲಿಗೆ ಹೋದವನು ಬಿಸಿನೀರು ಮೈಗೆ ಬಿದ್ದದ್ದೇ ಕೂತಲ್ಲೇ ಅರ್ಧ ಗಂಟೆ ತೂಕಡಿಸಿದ. ಆನಂದಪ್ಪ ಬಂದು ತನ್ನ ಕೊಡಲಿ ಇಸಿದುಕೊಂಡು, "ಹಾಂ, ಅಜ್ಜನ ಕಬ್ಬಿಣ ಅಂದ್ರೆ ಇದು" ಎಂದು ಟವೆಲ್ಲಿನಲ್ಲಿ ಸುತ್ತಿ ಮನೆಗೊಯ್ದು, ಕಾವು ಹಾಕಿಕೊಂಡು ತೋಟದ ಕಡೆ ಹೋದದ್ದು ಅವನಿಗೆ ತಿಳಿಯಲೂ ಇಲ್ಲ.

ಐದಕ್ಕೆ ಅಂಗಳ ತುಂಬಿತು. ರಾಮಪ್ಪ ನಡುವೆ ಹುಣಸೆಯ ಕೊರಡು ಉರುಳಿಸಿದ. ಎರಡು ವರ್ಷದಿಂದ ಯಾರ ಕೈಗೂ ಸೀಳದೆ ಬಿದ್ದಿದ್ದ, ಗಂಟು ಗಂಟಿನ ಕೊರಡು. ಗುತ್ಯಮ್ಮ ಕಾವು ಹಾಕಿದ ಕೊಡಲಿ ತಂದು, ಕೈಗೆ ಕೊಡದೆ, ನೆಲದ ಮೇಲಿಟ್ಟು, ಅರಿಶಿನ ಕುಂಕುಮ ಹಚ್ಚಿದಳು. ಕೊಡಲಿ ಎಣ್ಣೆ ಕುಡಿದು ಕರ್ರಗೆ ಮಿಂಚುತ್ತಿತ್ತು.

"ಹೊಡೀ ಬೀರಾ," ಎಂದಳು ತಿಮ್ಮಮ್ಮ. "ಕಾಲು ಮಾತ್ರ ಆಚೆ ಇಟ್ಕೋ."

ದೊಡ್ಡಬೀರಪ್ಪ ಕಣ್ಣು ಮುಚ್ಚಿ ಎತ್ತಿ ಹಾಕಿದ. ಕಣ್ಣು ಬಿಟ್ಟು ನೋಡಿದರೆ ಕೊರಡು ಗೇಣು ಆಳಕ್ಕೆ ಬಾಯಿ ಬಿಟ್ಟಿತ್ತು. ಇನ್ನೊಂದು ಏಟು. ಮೂರನೆಯದಕ್ಕೆ ಎರಡು ಹೋಳಾಗಿ ಆ ಕಡೆ ಈ ಕಡೆ ಉರುಳಿತು. ಅಂಗಳದವರೆಲ್ಲ ಹೋ ಎಂದರು. ಕೊಡಲಿಯ ಬಾಯಿ ಕೂದಲಷ್ಟೂ ಕದಲಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಬೆರಗಾದವನು ದೊಡ್ಡಬೀರಪ್ಪನೇ. ಆದರೂ ಸಾವರಿಸಿಕೊಂಡು, ಹೆಂಡತಿಯ ಕಡೆ ನೋಡಿ ಮೀಸೆ ಮುಟ್ಟಿಕೊಂಡ.

"ಕೊಟ್ಟಿಗೆ ನಂದು ಅಲ್ವಾ?"

"ನಾನೇನಾದ್ರೂ ಅಂದ್ನಾ?" ಎಂದಳು ಗುತ್ಯಮ್ಮ.

ಅಷ್ಟರಲ್ಲಿ ಬೇಲಿಯ ಆಚೆಯಿಂದ ದೊಡ್ಡ ಬೊಬ್ಬೆ ಕೇಳಿತು. ಆನಂದಪ್ಪ ಓಡಿ ಬಂದ. ಅವನ ಕೈಯ ಕೊಡಲಿಯ ಬಾಯಿ ಮಡಚಿ, ಕಾವಲಿಯಿಂದ ಎತ್ತಿದ ದೋಸೆಯ ಹಾಗೆ ಜೋತು ಬಿದ್ದಿತ್ತು.

"ನೋಡ್ರಪ್ಪಾ ನೋಡ್ರಿ! ಬೆಂಕಿಗೆ ಇಡ್ಬೇಡ ಅಂದಿದ್ದೆ! ಇಟ್ಟು ಹದ ತೆಗೆದುಬಿಟ್ಟಿದಾನೆ! ಒಂದು ಜಾಲಿ ಕೊಂಬೆಗೆ ಹೊಡೆದಿದ್ದಕ್ಕೆ ಹಿಂಗಾಯ್ತು! ನಮ್ಮಜ್ಜನ್ನೇ ಕೊಂದಂಗಾಯ್ತಲ್ಲೋ ಬೀರಾ!"

ದೊಡ್ಡಬೀರಪ್ಪ ಅದನ್ನು ಇಸಿದುಕೊಂಡು ತಿರುಗಿಸಿ ನೋಡಿದ. ತೂತಿನ ಹಿಂದೆ ಎರಡು ಪದರ ಸರಿಯಾಗಿ ಬೆಸೆಯದೆ, ಇರುವೆ ಓಡಾಡುವಷ್ಟು ಸಂದು ಬಿಟ್ಟಿತ್ತು. ಮಧ್ಯಾಹ್ನ ಎಷ್ಟು ಬಡಿದರೂ ಮುಚ್ಚದಿದ್ದ ಸಂದು. ಇದು ತನ್ನ ಕೊಡಲಿ! ಹಾಗಾದರೆ ಕೊರಡು ಸೀಳಿದ್ದು ಆನಂದಪ್ಪನ ಅಜ್ಜ!

ನಿಜ ಹೇಳಿದರೆ ಕೊಟ್ಟಿಗೆ ಹೋಯಿತು. ಹೇಳದಿದ್ದರೆ ಊರ ಎದುರು ಅಜ್ಜನನ್ನು ಕೊಂದ ಅಪವಾದ. ಅವನು ಆ ಕೊಡಲಿಯನ್ನೊಮ್ಮೆ, ಈ ಕೊಡಲಿಯನ್ನೊಮ್ಮೆ ನೋಡಿದ.

"ಇದ್ರಲ್ಲಿ ಯೋಚನೆ ಮಾಡೋದೇನೈತೆ?" ತಿಮ್ಮಮ್ಮ ತೀರ್ಪು ಕೊಟ್ಟಳು. "ಕೆಡಿಸಿದೋನು ಹೊಸದು ಕೊಡ್ಬೇಕು. ಆ ಗೆದ್ದ ಕೊಡ್ಲಿ ಆನಂದಪ್ಪಂಗೆ ಕೊಡೋ ಬೀರಾ."

ದೊಡ್ಡಬೀರಪ್ಪನಿಗೆ ಹೋದ ಉಸಿರು ಬಂತು. ಕೊಟ್ಟರೆ ಅವನದು ಅವನಿಗೆ ಸೇರಿತು, ಕೊಟ್ಟಿಗೆ ತನಗೆ ಉಳಿಯಿತು. ಎರಡೂ ಕೈಯಲ್ಲಿ ಎತ್ತಿ ಕೊಟ್ಟ. ಆನಂದಪ್ಪ ತೂಗಿ ನೋಡಿದ, ಬಾಯಿಗೆ ಬೆರಳು ಸವರಿದ, ಮೂಗು ಮುರಿದ.

"ಏನೋ, ಕೊಟ್ಟಿದಾನೆ ಅಂತ ತಗೋತೀನಿ. ಆದ್ರೆ ಹೊಸ ಕಬ್ಬಿಣ ಹೊಸ ಕಬ್ಬಿಣಾನೇ. ನಮ್ಮಜ್ಜನ ಕೊಡ್ಲಿ ಗತ್ತು ಇದಕ್ಕೆಲ್ಲಿ ಬರ್ಬೇಕು?"

ಜನ ಕರಗಿದರು. ದೀಪ ಹಚ್ಚುವ ಹೊತ್ತಿಗೆ ದೊಡ್ಡಬೀರಪ್ಪ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು, ರೊಟ್ಟಿ ತಟ್ಟುತ್ತಿದ್ದ ಹೆಂಡತಿಗೆ ಕೇಳಿಸುವಂತೆ ಹೇಳಿದ: "ಕೊಟ್ಟಿಗೆಗೆ ಇನ್ನೊಂದು ಕಿಟಕಿ ಇಡಿಸ್ಬೇಕು. ಹೊಗೆ ಜಾಸ್ತಿ."

"ಇಡಿಸ್ರಿ. ಕುರಿಗೂ ಗಾಳಿ ಬೇಕಲ್ಲ."

"ಕುರಿಗಾ? ಕೊಡ್ಲಿ ಕೊರಡು ಸೀಳಿದ್ದು ನೀನು ನೋಡ್ಲಿಲ್ವಾ?"

ಗುತ್ಯಮ್ಮ ರೊಟ್ಟಿ ತಿರುವಿ ಹಾಕಿದಳು. "ಎರಡು ಕೊಡ್ಲಿ ತಾವೇ ನಡ್ಕೊಂಡು ಹೋಗಿ ಅದಲು ಬದಲಾದ್ವಾ? ನೀವು ಬಚ್ಚಲಲ್ಲಿ ನಿದ್ದೆ ಹೊಡೀತಿದ್ರಿ. ನಾನು ನಿಮ್ದಕ್ಕೆ ಕಾವು ಸಿಕ್ಸಿ ಒಂದು ಹಲಸಿನ ಚಕ್ಕೆಗೆ ಹಾಕಿ ನೋಡ್ದೆ. ಬಾಳೆ ಎಲೆ ಹಂಗೆ ಮಡಚ್ಕೊಂತು. ಕಲ್ಲಲ್ಲಿ ಜಜ್ಜಿ ನೆಟ್ಟಗೆ ಮಾಡ್ದೆ. ಎರಡಕ್ಕೂ ಒಲೆ ಮಸಿ, ಹರಳೆಣ್ಣೆ ಹಚ್ಚಿದೆ. ಕಾವು ಬಿಚ್ಚಿ ನಿಮ್ದು ಆನಂದಣ್ಣಂಗೆ ಕೊಟ್ಟೆ, ಆ ಕಾವು ಅವರದಕ್ಕೆ ಹಾಕ್ದೆ."

ದೊಡ್ಡಬೀರಪ್ಪ ಚಾಚಿದ ಕಾಲನ್ನು ಎಳೆದುಕೊಂಡ. "ಯಾಕೆ? ನಾನು ಸೋತ್ರೆ ನಿಂಗೆ ಒಳ್ಳೇದಿತ್ತಲ್ಲ!"

"ಊರೇ ಬಂದಿತ್ತು ಅಂಗಳಕ್ಕೆ. ನನ್ನ ಗಂಡ ಅಷ್ಟು ಜನರ ಮುಂದೆ ನಗೆಪಾಟಲಾಗೋದನ್ನ ನಾನು ನಿಂತು ನೋಡ್ಬೇಕಿತ್ತಾ?" ಅವಳ ದನಿ ಒಂದು ಗಳಿಗೆ ಮೆತ್ತಗಾಯಿತು. ಮರುಗಳಿಗೆ ರೊಟ್ಟಿ ತಟ್ಟೆಗೆ ಬಿತ್ತು. "ಊರ ಮುಂದೆ ಗೆದ್ರಿ, ಆಯ್ತು. ಮಾತು ನಮ್ಮಿಬ್ಬರದ್ದು. ಅದ್ರಲ್ಲಿ ಸೋತ್ರಿ. ಬೆಳಿಗ್ಗೆ ಆರಕ್ಕೆ ಇದ್ದಲು ಹೊರಗೆ."

"ಜನ ಕೇಳಿದ್ರೆ? ಗೆದ್ದೋನು ಕುಲುಮೆ ಯಾಕೆ ಬಿಟ್ಟ ಅಂತ?"

"ಬಸುರಿ ಕುರಿ ನೋಡಿ ಮನಸ್ಸು ಕರಗಿ ಬಿಟ್ಟುಕೊಟ್ಟೆ ಅನ್ರಿ. ಇನ್ನೂ ನಾಕು ಜನ ಹೊಗಳ್ತಾರೆ. ಬೇಡ ಅಂದ್ರೆ ನಿಜಾನೇ ಹೇಳ್ರಿ, ನಂದೇನು ಅಡ್ಡಿಯಿಲ್ಲ."

ಅವನು ನಿಜ ಹೇಳುವ ಸ್ಥಿತಿಯಲ್ಲಿರಲಿಲ್ಲ. ರೊಟ್ಟಿ ಮುರಿದು ಬಾಯಿಗಿಡುವಷ್ಟರಲ್ಲಿ ರಾಮಪ್ಪ ಚೀಟಿಯೊಂದನ್ನು ಬೀಸುತ್ತ ಒಳಗೇ ಬಂದ.

"ಬೀರಣ್ಣ, ಗುಂಪಿನಲ್ಲಿ ವಿಡಿಯೋ ಹಾಕಿದ್ದೇ ಹಾಕಿದ್ದು, ಫೋನು ಕೆಳಗಿಡೋಕೆ ಬಿಡ್ತಿಲ್ಲ. ಏಳು ಜನಕ್ಕೆ ಅಂಥದೇ ಕೊಡ್ಲಿ ಬೇಕಂತೆ. ನೀನು ಇಲ್ಲ ಅನ್ನಲ್ಲ ಅಂತ ನಾನೇ ಒಪ್ಕೊಂಡ್ಬಿಟ್ಟೆ. ಬುಧವಾರಕ್ಕೆ ಅಂದಿದೀನಿ. ಆಗುತ್ತಲ್ಲ?"

ದೊಡ್ಡಬೀರಪ್ಪ ಹೆಂಡತಿಯ ಮುಖ ನೋಡಿದ. ಅವಳು ನಗುತ್ತ ರಾಮಪ್ಪನಿಗೊಂದು ಮಣೆ ಹಾಕಿದಳು.

"ಯಾಕಾಗಲ್ಲ ರಾಮಣ್ಣ? ಇವರ ಕೈಗೆ ಅದ್ಯಾವ ಮಹಾ? ಹನ್ನೆರಡೇ ನಿಮಿಷ."

ದೊಡ್ಡಬೀರಪ್ಪ ಮುರಿದ ರೊಟ್ಟಿ ತಟ್ಟೆಗಿಟ್ಟ. ಸೊರಬದ ಬಸ್ ಸ್ಟ್ಯಾಂಡ್ ಎದುರಿನ ಕಬ್ಬಿಣದ ಅಂಗಡಿಯ ಬಾಗಿಲಲ್ಲಿ ಬಾಳೆಗೊನೆಯ ಹಾಗೆ ನೇತುಬಿದ್ದ ರೆಡಿಮೇಡ್ ಕೊಡಲಿಗಳು ಅವನ ಕಣ್ಣೆದುರು ತೂಗಾಡಿದವು.

"ರಾಮಣ್ಣ," ಎಂದ ಮೆಲ್ಲಗೆ, "ಸೊರಬಕ್ಕೆ ಮೊದಲ್ನೇ ಬಸ್ಸು ಎಷ್ಟೊತ್ತಿಗೈತೆ?"